ಕರೆಂಟ್ ಹೋದಮೇಲೆ ಎಸ್‌ಎಸ್‌ಡಿ ಮೌಂಟ್ ಆಗ್ತಿಲ್ಲ: ಎಫ್‌ಎಸ್‌ಸಿಕೆ ಹೊಡೆಯಲಾ, ಬೇಡವಾ?

ಪುಟಕಟ್ಟು (ಪ್ರಶ್ನೆ; ಮುಂದೆಯೂ ಹೀಗೆ ಬಿಡಿ ಸಾಲಿನಲ್ಲಿರುವುದು ಬರೆದವರ ಹೆಸರು)

ಡೆಸ್ಕ್‌ಟಾಪ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಉಬುಂಟು 22.04. ಮೊದಲಿಗೆ ಸಣ್ಣ ಇಎಫ್‌ಐ ಪಾರ್ಟಿಷನ್, ಮಿಕ್ಕಿದ್ದೆಲ್ಲ ಒಂದೇ ಇಎಕ್ಸ್‌ಟಿ4 (ಲಿನಕ್ಸಿನ ಫೈಲ್‌ಸಿಸ್ಟಂ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ). ಎನ್‌ಕ್ರಿಪ್ಷನ್ ಇಲ್ಲ, ಯುಪಿಎಸ್ಸೂ ಇಲ್ಲ. ಸ್ಕ್ರೈಬಸ್‌ನಲ್ಲಿ (ಪುಟವಿನ್ಯಾಸದ ಪ್ರೋಗ್ರಾಂ) ಫೈಲ್ ತೆರೆದಿದ್ದಾಗ ಕರೆಂಟ್ ಹೋಯಿತು. ಈಗ ಬೂಟ್ ಆಗುವಾಗ ಇನಿಟ್‌ರ‍್ಯಾಮ್‌ಎಫ್‌ಎಸ್ ಪ್ರಾಂಪ್ಟಿಗೆ ಬಂದು ನಿಲ್ಲುತ್ತದೆ, 'ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ' (ಫೈಲ್‌ಸಿಸ್ಟಂ ರಿಪೇರಿ ಮಾಡುವ ಕಮಾಂಡನ್ನು ನೀವೇ ಓಡಿಸಿ) ಅನ್ನುತ್ತದೆ. ಲೈವ್ ಯುಎಸ್‌ಬಿಯಿಂದ ಮೌಂಟ್ ಮಾಡಲು ಹೋದರೆ 'ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್'. ರಿಪೇರಿ ಅಂತ ಇನ್ನೂ ಏನನ್ನೂ ಓಡಿಸಿಲ್ಲ.

ಸ್ಮಾರ್ಟ್ ಲಾಗ್‌ನಲ್ಲಿ (ಡ್ರೈವ್ ತಾನೇ ಇಡುವ ಆರೋಗ್ಯದ ದಾಖಲೆ) ಕ್ರಿಟಿಕಲ್ ವಾರ್ನಿಂಗ್ 0, ಮೀಡಿಯಾ ಎರರ್ 0, ಪರ್ಸೆಂಟೇಜ್ ಯೂಸ್ಡ್ 11, ಅನ್‌ಸೇಫ್ ಶಟ್‌ಡೌನ್ 143.

ಬೇಕಿರುವುದು ಒಂದೇ ಫೋಲ್ಡರ್. ಸುಮಾರು 90 ಸ್ಕ್ರೈಬಸ್ ಫೈಲ್ (.ಎಸ್‌ಎಲ್‌ಎ), ಅದಕ್ಕೆ ಸೇರಿದ ಜೆಪೆಗ್‌ಗಳು. ಹೆಸರುಗಳೆಲ್ಲ ಕನ್ನಡದಲ್ಲಿವೆ. ಕೇಳಬೇಕಾದ್ದು ಮೂರು. ಎಫ್‌ಎಸ್‌ಸಿಕೆ ಮೈನಸ್ ವೈ (ಎಲ್ಲ ರಿಪೇರಿಗೂ ಕೇಳದೆ ಹೂಂ ಅನ್ನುವುದು) ಹೊಡೆಯಲೇ? ಅಂಗಡಿಯಲ್ಲಿ 'ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸೋಣ' ಅಂದರು, ಸರಿಯೇ? ಟ್ರಿಮ್ (ಖಾಲಿ ಬ್ಲಾಕ್‌ಗಳನ್ನು ಎಸ್‌ಎಸ್‌ಡಿಯಿಂದ ತೆರವು ಮಾಡಿಸುವುದು) ಈಗಾಗಲೇ ಎಲ್ಲ ತಿಂದು ಹಾಕಿದೆಯೇ?

ಮ್ಯಾಪ್‌ಫೈಲ್

ಕ್ರಮವಾಗಿ ಉತ್ತರ: ಈಗ ಬೇಡ, ಖಂಡಿತ ಬೇಡ, ಇಲ್ಲ.

ಫಾರ್ಮ್ಯಾಟ್ ಮಾತು ಮೊದಲು ಮುಗಿಸೋಣ. ಹಾರ್ಡ್‌ಡಿಸ್ಕ್ ಕಾಲದಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಡೇಟಾ ಅಲ್ಲೇ ಬಿದ್ದಿರುತ್ತಿತ್ತು, ಅಂಗಡಿಯವರ ಸಲಹೆ ಆ ಕಾಲದ್ದು. ಈಗಿನ ಎಂಕೆಎಫ್‌ಎಸ್ ಇಎಕ್ಸ್‌ಟಿ4 (ಫಾರ್ಮ್ಯಾಟ್ ಮಾಡುವ ಕಮಾಂಡ್) ಎಸ್‌ಎಸ್‌ಡಿ ಮೇಲೆ ಶುರುವಾಗುವುದೇ ಇಡೀ ಪಾರ್ಟಿಷನ್ನಿಗೆ ಡಿಸ್ಕಾರ್ಡ್ ('ಇದೆಲ್ಲ ಖಾಲಿ' ಅನ್ನುವ ಆದೇಶ, ಟ್ರಿಮ್ ಅನ್ನುವುದೂ ಇದನ್ನೇ) ಕಳಿಸುವುದರಿಂದ, ಡೀಫಾಲ್ಟೇ ಅದು. ಕಂಟ್ರೋಲರ್ ಆ ವಿಳಾಸಗಳನ್ನೆಲ್ಲ ತನ್ನ ಪಟ್ಟಿಯಿಂದ ಕಿತ್ತು ಹಾಕುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಓದಿದರೂ ಬಹುಪಾಲು ಡ್ರೈವ್‌ಗಳು ಕೊಡುವುದು ಬರೀ ಸೊನ್ನೆ. ಕೆಲವೇ ಸೆಕೆಂಡಿನಲ್ಲಿ ಎಲ್ಲ ಗೋವಿಂದ.

ಟ್ರಿಮ್ ತಾನಾಗಿ ಯಾವುದನ್ನೂ ಅಳಿಸುವುದಿಲ್ಲ. 'ಈ ಬ್ಲಾಕ್ ಖಾಲಿ' ಅಂತ ಫೈಲ್‌ಸಿಸ್ಟಂ ಹೇಳಿದ್ದನ್ನಷ್ಟೇ ಕೇಳುತ್ತದೆ. ಉಬುಂಟುವಿನಲ್ಲಿ ಅದನ್ನು ಹೇಳುವುದು ವಾರಕ್ಕೊಮ್ಮೆ, ಸೋಮವಾರ ಓಡುವ ಎಫ್‌ಎಸ್‌ಟ್ರಿಮ್ ಟೈಮರ್. ಆವತ್ತು ಮೆಷಿನ್ ಆಫ್ ಇದ್ದರೆ ಮುಂದಿನ ಬೂಟಿನಲ್ಲಿ ಬಾಕಿ ತೀರಿಸುತ್ತದೆ. ನಿಮ್ಮ ಡಿಸ್ಕ್ ಮೌಂಟೇ ಆಗಿಲ್ಲ, ಹಾಗಾಗಿ ಓಡಿಲ್ಲ. ಮೈನಸ್ ವೈ ಈಗ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಎಫ್‌ಎಸ್‌ಸಿಕೆಗೆ ಫೈಲ್‌ಸಿಸ್ಟಂನ ಲೆಕ್ಕ ತಾಳೆಯಾದರೆ ಸಾಕು, ನಿಮ್ಮ ಫೈಲ್ ಉಳಿಯಿತೋ ಬಿಟ್ಟಿತೋ ಅದಕ್ಕೆ ಸಂಬಂಧವಿಲ್ಲ. ಕೆಟ್ಟ ಐನೋಡ್ (ಫೈಲಿನ ಉದ್ದ, ಬ್ಲಾಕ್‌ಗಳ ವಿಳಾಸ ಇರುವ ದಾಖಲೆ) ಕಂಡರೆ ತೆಗೆದು ಹಾಕಿ ಅದರ ಬ್ಲಾಕ್‌ಗಳನ್ನು 'ಖಾಲಿ' ಅಂತ ಬರೆಯುತ್ತದೆ. ಸಿಸ್ಟಂ ಬೂಟ್ ಆಗುತ್ತದೆ, ನೀವು ಖುಷಿಪಡುತ್ತೀರಿ, ಸೋಮವಾರದ ಎಫ್‌ಎಸ್‌ಟ್ರಿಮ್ ಬಂದು ಆ ಬ್ಲಾಕ್‌ಗಳನ್ನು ಡ್ರೈವಿನಿಂದಲೇ ಒರೆಸುತ್ತದೆ.

ಮೊದಲ ಕೆಲಸ ಇಮೇಜ್, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಫೈಲಿಗೆ ನಕಲು ಮಾಡುವುದು. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ, ದೊಡ್ಡದು ಅಂತ ಹೇಳದ ಕಡೆಯೆಲ್ಲ ಸಣ್ಣಕ್ಷರ.) 1 ಟಿಬಿ ಹೊರಗಿನ ಡಿಸ್ಕ್ ತನ್ನಿ. ಅದು ಇಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಲೈವ್ ಯುಎಸ್‌ಬಿಯಿಂದ:

ಸುಡೊ ಬ್ಲಾಕ್‌ಡೆವ್ --ಸೆಟ್‌ಆರ್‌ಓ /ಡೆವ್/ಎನ್‌ವಿಎಂಇ0ಎನ್1
ಸುಡೊ ಡಿಡಿರೆಸ್ಕ್ಯೂ -ಎನ್ /ಡೆವ್/ಎನ್‌ವಿಎಂಇ0ಎನ್1 ಪ್ರತಿ.ಇಮೇಜ್ ಪ್ರತಿ.ಮ್ಯಾಪ್

ಮೊದಲ ಸಾಲು ಡ್ರೈವಿಗೆ ಏನೂ ಬರೆಯದಂತೆ ತಡೆಯುತ್ತದೆ, ಎರಡನೆಯದು ನಕಲು ಮಾಡುತ್ತದೆ. ಅದರಲ್ಲಿ ಮೂಲ ಮೊದಲು, ಗುರಿ ಆಮೇಲೆ. ಎಂಟರ್ ಒತ್ತುವ ಮುಂಚೆ ಎರಡು ಸಲ ಓದಿ. ಮ್ಯಾಪ್ ಫೈಲ್ (ಎಲ್ಲಿ ಓದಿ ಆಯಿತು, ಎಲ್ಲಿ ಇಲ್ಲ ಅನ್ನುವ ಪಟ್ಟಿ) ಕೊಡದೆ ಓಡಿಸಬೇಡಿ. ನಡುವೆ ನಿಂತರೆ ಮುಂದುವರಿಸಲು ಅದೊಂದೇ ದಾರಿ. ಹೊರಗಿನ ಡಿಸ್ಕ್ ಸೆಕೆಂಡಿಗೆ 100 ಎಂಬಿ ಬರೆದರೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಮುಗಿದ ಮೇಲೆ ಓದದೆ ಉಳಿದ ಜಾಗಕ್ಕೆ ಅದೇ ಕಮಾಂಡ್, -ಎನ್ ಬದಲು '-ಡಿ -ಆರ್1' ಹಾಕಿ. ಹಾರ್ಡ್‌ಡಿಸ್ಕಿನಂತೆ ಹತ್ತಾರು ಸಲ ಮರುಪ್ರಯತ್ನ ಬೇಡ. ಎಸ್‌ಎಸ್‌ಡಿ ಕಂಟ್ರೋಲರ್ ತಾನು ಮಾಡಬಹುದಾದ ಮರುಓದನ್ನೆಲ್ಲ ಮಾಡಿಯೇ ಕೈಚೆಲ್ಲಿರುತ್ತದೆ, ಮತ್ತೆ ಮತ್ತೆ ಕೆದಕಿದರೆ ಡ್ರೈವೇ ಮಾಯವಾಗುವ ಸಾಧ್ಯತೆ ಇದೆ.

ಲೂಪ್ ಸೊನ್ನೆ

ಒಂದ್ ಮಾತು ಸೇರಸ್ತೀನ್ರಿ. ಲೈವ್ ಯುಎಸ್‌ಬಿ ಒಳಗ ಫೈಲ್ ಮ್ಯಾನೇಜರ್ ತಗದು ಆ ಡಿಸ್ಕಿನ ಮ್ಯಾಲ ಕ್ಲಿಕ್ ಮಾಡಬ್ಯಾಡ್ರಿ. ರೀಡ್-ಓನ್ಲಿ ಮೌಂಟ್ ಮಾಡಿದ್ರ ಏನೂ ಆಗಂಗಿಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ, ಅದು ತಪ್ಪು. 'ಆರ್‌ಓ' ಹಾಕಿದ್ರೂ ಇಎಕ್ಸ್‌ಟಿ4 ಮೊದಲ ಜರ್ನಲ್ (ಅರ್ಧಕ್ಕ ನಿಂತ ಬದಲಾವಣೆಗಳ ದಾಖಲೆ) ರಿಪ್ಲೇ ಮಾಡತೈತಿ, ಅಂದ್ರ ಡಿಸ್ಕಿಗೆ ಬರೀತೈತಿ. 'ಆರ್‌ಓ,ನೋಲೋಡ್' ಎರಡೂ ಬೇಕು. ಮ್ಯಾಲ ಹೇಳಿದ ಸೆಟ್‌ಆರ್‌ಓ ಮಾಡಿದ್ರ ಕರ್ನಲ್ ತಾನs ಅಡ್ಡ ನಿಂತು, ಬರೆಯಾಕ ಆಗವಲ್ದು, ನೋಲೋಡ್ ಹಾಕಿ ನೋಡ್ರಿ ಅಂತ ಡಿಮೆಸೇಜ್‌ನಾಗ (ಕರ್ನಲ್ ಲಾಗ್) ಹೇಳತೈತಿ. ಇಮೇಜ್ ಮ್ಯಾಲ ಕೆಲಸ ಮಾಡೂಮುಂದೂ ಇದs ಶಿಸ್ತು ಇರ್ಲಿ.

ಪುಟಕಟ್ಟು

61%ಕ್ಕೆ ನಿಂತಿತು. ಡಿಮೆಸೇಜ್‌ನಲ್ಲಿ 'ಟೈಮ್‌ಔಟ್, ಅಬಾರ್ಟಿಂಗ್' ಅಂತ ನಾಲ್ಕೈದು ಸಾಲು, ಆಮೇಲೆ 'ಕಂಟ್ರೋಲರ್ ಈಸ್ ಡೌನ್'. ಎಲ್‌ಎಸ್‌ಬಿಎಲ್‌ಕೆಯಲ್ಲಿ (ಡಿಸ್ಕ್‌ಗಳ ಪಟ್ಟಿ) ಈಗ ಡ್ರೈವೇ ಕಾಣುತ್ತಿಲ್ಲ. ಡ್ರೈವ್ ಸತ್ತಿತೇ?

ಮ್ಯಾಪ್‌ಫೈಲ್

ಇಷ್ಟು ಬೇಗ ತಿಥಿ ಮಾಡಬೇಡಿ. ರೀಸ್ಟಾರ್ಟ್ ಸಾಲದು. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡಿ. ಕಂಟ್ರೋಲರಿಗೆ ಕರೆಂಟು ಪೂರ್ತಿ ತಪ್ಪಬೇಕು. ಮತ್ತೆ ಲೈವ್ ಯುಎಸ್‌ಬಿ ಬೂಟ್ ಮಾಡುವಾಗ ಗ್ರಬ್ ಪರದೆಯಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ ಈ ಎರಡನ್ನು ಸೇರಿಸಿ, ಆಮೇಲೆ ಎಫ್10:

ಎನ್‌ವಿಎಂಇ_ಕೋರ್.ಡೀಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0
ಪಿಸಿಐಇ_ಎಎಸ್‌ಪಿಎಂ=ಆಫ್

ಮೊದಲನೆಯದು ಡ್ರೈವ್ ಅರೆನಿದ್ದೆಗೆ ಜಾರುವುದನ್ನು ತಡೆಯುತ್ತದೆ, ಎರಡನೆಯದು ಪಿಸಿಐಇ ಕೊಂಡಿಯ ವಿದ್ಯುತ್ ಉಳಿತಾಯವನ್ನು. ಟೈಮ್‌ಔಟ್‌ಗೆ ಇವೆರಡು ಸಾಮಾನ್ಯ ಕಾರಣ. ಇನ್ನೊಂದು ಕಾರಣ ಬಿಸಿ. ಒಂದೂವರೆ ಗಂಟೆ ಒಂದೇ ಸಮನೆ ಓದಿದರೆ ಹೀಟ್‌ಸಿಂಕ್ ಇಲ್ಲದ ಡ್ರೈವ್ ಚೆನ್ನಾಗಿಯೇ ಕಾಯುತ್ತದೆ. ಕ್ಯಾಬಿನೆಟ್ ತೆಗೆದು ಟೇಬಲ್ ಫ್ಯಾನ್ ತಿರುಗಿಸಿಡಿ, ಸಾಕು.

ಬ್ಲಾಕ್‌ಡೆವ್ ಸೆಟ್ಟಿಂಗ್ ರೀಬೂಟಿಗೆ ಅಳಿದಿರುತ್ತದೆ, ಮತ್ತೆ ಹಾಕಿ. ಆಮೇಲೆ ಅದೇ ಡಿಡಿರೆಸ್ಕ್ಯೂ ಕಮಾಂಡ್, ಅದೇ ಮ್ಯಾಪ್. 61%ರಿಂದ ಮುಂದುವರಿಯುತ್ತದೆ. ಅದೇ ಜಾಗಕ್ಕೆ ಬಂದು ಮತ್ತೆ ಬಿದ್ದರೆ ದೊಡ್ಡ ಅಕ್ಷರದ -ಆರ್ ಹಾಕಿ. ಡಿಸ್ಕಿನ ತುದಿಯಿಂದ ಹಿಂದಕ್ಕೆ ಓದುತ್ತಾ ಬರುತ್ತದೆ, ಕೆಟ್ಟ ಜಾಗ ಕೊನೆಗೆ ಉಳಿಯುತ್ತದೆ.

ಪುಟಕಟ್ಟು

ಮುಗಿಯಿತು, ಫ್ಯಾನ್ ಇಟ್ಟ ಮೇಲೆ ಒಂದೇ ಓಟ. ಮ್ಯಾಪ್ ಫೈಲಿನಲ್ಲಿ ಮೂರು ಕಡೆ ಮೈನಸ್ ಗುರುತು (ಓದಲಾಗದ್ದು), ಒಟ್ಟು 48 ಕೆಬಿ. ಮಿಕ್ಕಿದ್ದೆಲ್ಲ ಪ್ಲಸ್. ಮುಂದೆ?

ಐನೋಡಜ್ಜ

48 ಕೆಬಿ ಅಂದರೆ 4 ಕೆಬಿಯ 12 ಬ್ಲಾಕ್. ಎಲ್ಲಿ ಬಿದ್ದಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಜೆಪೆಗ್‌ನ ನಡುವೆ ಬಿದ್ದರೆ ಹೋಗುವುದು ಒಂದು ಚಿತ್ರ, ಐನೋಡ್ ಟೇಬಲ್ ಮೇಲೆ ಬಿದ್ದರೆ 256 ಬೈಟಿನ ಐನೋಡ್ ಲೆಕ್ಕದಲ್ಲಿ ಒಂದೊಂದು ಬ್ಲಾಕಿಗೆ 16 ಫೈಲಿನ ವಿಳಾಸ. ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಪುಟದ ಜತೆ, ಅದೇ ಕೋಶಗಳನ್ನು ಹಂಚಿಕೊಂಡ ಹಳೆಯ ಪುಟವೂ ಕೆಡುವುದು ಫ್ಲ್ಯಾಶ್ ಮೆಮೊರಿಯ ಹಣೆಬರಹ. ಎಂದೋ ಬರೆದಿಟ್ಟ, ಆವತ್ತು ಮುಟ್ಟದೇ ಇದ್ದ ಫೈಲ್ ಕೆಟ್ಟಿದ್ದರೆ ಬೆರಗಾಗಬೇಡಿ. ಕರೆಂಟ್ ಹೋದಾಗ ಕೊನೆಯ ಬರಹ ಮುಗಿಸಿಕೊಳ್ಳುವಷ್ಟು ಕೆಪಾಸಿಟರ್ ಸರ್ವರ್ ಡ್ರೈವ್‌ಗಳಲ್ಲಿ ಇರುತ್ತದೆ, ಮನೆಬಳಕೆಯವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೂಲ ಡ್ರೈವನ್ನು ಬಿಚ್ಚಿ ಪಕ್ಕಕ್ಕಿಡಿ. ಇಮೇಜನ್ನು ಓದಲಷ್ಟೇ ಜೋಡಿಸಿ:

ಸುಡೊ ಲೋಸೆಟಪ್ -ಆರ್ -ಪಿ -ಎಫ್ --ಶೋ ಪ್ರತಿ.ಇಮೇಜ್

ಆರ್, ಎಫ್ ಸಣ್ಣಕ್ಷರ, ಪಿ ದೊಡ್ಡಕ್ಷರ. ನಿಮ್ಮ ಪಾರ್ಟಿಷನ್ /ಡೆವ್/ಲೂಪ್0ಪಿ2 ಅಂತ ಬರುತ್ತದೆ ಅಂದುಕೊಳ್ಳೋಣ (ಸ್ನ್ಯಾಪ್‌ಗಳು ಲೂಪ್ ಅಂಕೆಗಳನ್ನು ಹಿಡಿದಿರುತ್ತವೆ, ಕಮಾಂಡ್ ಕೊಟ್ಟ ಅಂಕೆಯನ್ನೇ ಬಳಸಿ). 'ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್' ಅಂತ ಬಂದಿದೆ ಅಂದರೆ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಂನ ಮುಖ್ಯ ವಿವರ ಇರುವ ಬ್ಲಾಕ್) ಓದಲು ಸಿಕ್ಕಿದೆ, ಅದರಾಚೆ ಏನೋ ಕೆಟ್ಟಿದೆ. ಸೂಪರ್‌ಬ್ಲಾಕೇ ಹೋಗಿದ್ದರೆ 'ರಾಂಗ್ ಎಫ್‌ಎಸ್ ಟೈಪ್' ಅನ್ನುತ್ತಿತ್ತು. ಆಗ 4 ಕೆಬಿ ಬ್ಲಾಕಿನ ಇಎಕ್ಸ್‌ಟಿ4ನಲ್ಲಿ 32768, 98304, 163840, 229376 ಈ ಬ್ಲಾಕ್‌ಗಳಲ್ಲಿ ನಕಲು ಸಿಗುತ್ತದೆ. ಎಲ್ಲರೂ ಎಡವುವ ಕಲ್ಲೊಂದಿದೆ: ಇ2ಎಫ್‌ಎಸ್‌ಸಿಕೆಗೆ ಕೊಡುವುದು 32768, ಮೌಂಟಿನ 'ಎಸ್‌ಬಿ=' ಗೆ ಕೊಡುವುದು 131072. ಮೌಂಟ್ 1 ಕೆಬಿ ಲೆಕ್ಕದಲ್ಲಿ ಎಣಿಸುತ್ತದೆ, ಅದಕ್ಕೇ ನಾಲ್ಕರಷ್ಟು.

ಮೊದಲು 'ಆರ್‌ಓ,ನೋಲೋಡ್' ಹಾಕಿ ಮೌಂಟ್ ನೋಡಿ. ಆಗದಿದ್ದರೆ ಮೌಂಟ್ ಹಂಗೇ ಬೇಡ, ಡಿಬಗ್‌ಎಫ್‌ಎಸ್ ನೇರವಾಗಿ ಓದುತ್ತದೆ:

ಸುಡೊ ಡಿಬಗ್‌ಎಫ್‌ಎಸ್ -ಸಿ /ಡೆವ್/ಲೂಪ್0ಪಿ2

-ಸಿ ಅಂದರೆ ಬಿಟ್‌ಮ್ಯಾಪ್‌ಗಳನ್ನು (ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಅನ್ನುವ ಪಟ್ಟಿ) ಓದುವ ಗೋಜಿಗೇ ಹೋಗದೆ ತೆರೆಯುವುದು; ಬಿಟ್‌ಮ್ಯಾಪ್ ಕೆಟ್ಟಿದ್ದರೂ ಒಳಗೆ ಹೋಗಬಹುದು. ಒಳಗೆ 'ಎಲ್‌ಎಸ್' ಮಾಡಿ ಫೋಲ್ಡರ್ ಕಂಡರೆ 'ಆರ್‌ಡಂಪ್ ಫೋಲ್ಡರ್‌ದಾರಿ ಗುರಿದಾರಿ'. ಹೆಸರುಗಳ ಸಮೇತ ಹೊರಗೆ ಬರುತ್ತವೆ. ಗುರಿ ಇಎಕ್ಸ್‌ಟಿ4 ಆಗಿದ್ದರೆ ಒಳ್ಳೆಯದು. ಹೆಸರಿನಲ್ಲಿ ಕೋಲನ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಎಕ್ಸ್‌ಫ್ಯಾಟ್ ಒಪ್ಪುವುದಿಲ್ಲ.

ಪುಟಕಟ್ಟು

ಸೂಪರ್! ಆರ್‌ಡಂಪ್‌ನಿಂದ 71 .ಎಸ್‌ಎಲ್‌ಎ ಬಂದವು, ಹೆಸರಿನ ಸಮೇತ. ಆದರೆ ಒಂದು ಉಪಫೋಲ್ಡರಿನಲ್ಲಿ 'ಡೈರೆಕ್ಟರಿ ಕರಪ್ಟೆಡ್' ಅಂತ ಬಂದು ನಿಂತಿತು. ಅದರಲ್ಲಿ 19 ಇರಬೇಕು. ಇವಕ್ಕೆ ಫೋಟೋರೆಕ್ ಓಡಿಸಲೇ?

ಐನೋಡಜ್ಜ

ಫೋಟೋರೆಕ್ ಕೊನೆಯ ಅಸ್ತ್ರ. ಅದು ಐನೋಡ್ ನೋಡುವುದೇ ಇಲ್ಲ, ಫೈಲಿನ ಆರಂಭದ ಬೈಟು ಗುರುತಿಸಿ ಕತ್ತರಿಸಿಕೊಂಡು ಹೋಗುತ್ತದೆ. ಹೆಸರು ಹೋಗುತ್ತದೆ, ಎರಡು ಕಡೆ ತುಂಡಾಗಿರುವ ಫೈಲ್ ಸರಿಯಾಗಿ ಸೇರುವುದಿಲ್ಲ. ನಿಮ್ಮಲ್ಲಿ ಹೋಗಿರುವುದು ಡೈರೆಕ್ಟರಿ ಬ್ಲಾಕ್, ಅಂದರೆ ಹೆಸರಿನ ಪಟ್ಟಿ. ಐನೋಡ್‌ಗಳು ಬೇರೆ ಕಡೆ ಇರುತ್ತವೆ, ಅವು ಉಳಿದಿರುವ ಸಂಭವವೇ ಹೆಚ್ಚು.

.ಎಸ್‌ಎಲ್‌ಎ ಅನ್ನುವುದು ಸಾದಾ ಎಕ್ಸ್‌ಎಂಎಲ್ ಆಗಿರುವುದು ನಿಮ್ಮ ಪುಣ್ಯ. (.ಎಸ್‌ಎಲ್‌ಎ.ಜಿಝಡ್ ಅಂತ ಉಳಿಸಿದ್ದರೆ, ಅಥವಾ ಡಾಕ್ಸ್, ಓಡಿಟಿ ಆಗಿದ್ದರೆ ಒಳಗೆ ಒತ್ತಿ ಮಡಿಸಿಟ್ಟಿರುತ್ತದೆ, ಈ ದಾರಿ ನಡೆಯುವುದಿಲ್ಲ.) ಮೊದಲ ಸಾಲು ಎಕ್ಸ್‌ಎಂಎಲ್ ಘೋಷಣೆ, ಎರಡನೆಯ ಸಾಲು 'ಸ್ಕ್ರೈಬಸ್‌ಯುಟಿಎಫ್8ನ್ಯೂ' ಅನ್ನುವ ಟ್ಯಾಗ್, ಎಲ್ಲ ದೊಡ್ಡಕ್ಷರ. ಅದನ್ನೇ ಹುಡುಕಿ (ಸ್ಟ್ರಿಂಗ್ಸ್ ಡಿಸ್ಕಿನಲ್ಲಿರುವ ಪಠ್ಯವನ್ನು ಎಷ್ಟನೇ ಬೈಟಿನಲ್ಲಿದೆ ಅನ್ನುವ ಅಂಕೆ ಸಮೇತ ತೆಗೆಯುತ್ತದೆ, ಗ್ರೆಪ್ ಅದರಲ್ಲಿ ಪದ ಇರುವ ಸಾಲು ಹೆಕ್ಕುತ್ತದೆ):

ಸುಡೊ ಸ್ಟ್ರಿಂಗ್ಸ್ -ಟಿ ಡಿ /ಡೆವ್/ಲೂಪ್0ಪಿ2 | ಗ್ರೆಪ್ ಸ್ಕ್ರೈಬಸ್‌ಯುಟಿಎಫ್8ನ್ಯೂ > ಸಿಕ್ಕಿದ್ದು.ಟೆಕ್ಸ್ಟ್

ನೇರವಾಗಿ ಗ್ರೆಪ್ ಹಾಕಬಾರದೇ ಅಂದರೆ, ಗ್ರೆಪ್ ಓದುವುದು ಸಾಲು ಲೆಕ್ಕದಲ್ಲಿ. ಟ್ರಿಮ್ ಆದ ಜಾಗದಲ್ಲಿ ಗಿಗಾಬೈಟ್‌ಗಟ್ಟಲೆ ಬರೀ ಸೊನ್ನೆ, ಸಾಲು ಮುರಿಯುವುದೇ ಇಲ್ಲ, ರ‍್ಯಾಮ್ ತುಂಬಿ 'ಮೆಮೊರಿ ಎಕ್ಸಾಸ್ಟೆಡ್' ಅಂತ ಮಲಗುತ್ತದೆ.

ಈಗ ಒಂದು ಸಾಲು ಹೀಗೆ ಸಿಕ್ಕಿತು ಅನ್ನಿ: 48338358311. ಅದನ್ನು 4096ರಿಂದ ಭಾಗಿಸಿ. ಭಾಗಲಬ್ಧ 11801357, ಶೇಷ 39. ಆ 39ನ್ನು ಗಮನಿಸಿ. ಘೋಷಣೆಯ ಸಾಲು 38 ಬೈಟು, ಸಾಲಿನ ಕೊನೆಯದು ಒಂದು, ಒಟ್ಟು 39. ಅಂದರೆ ಫೈಲ್ ಬ್ಲಾಕಿನ ತಲೆಯಿಂದಲೇ ಶುರುವಾಗಿದೆ, ನಿಜವಾದ .ಎಸ್‌ಎಲ್‌ಎ. ಶೇಷ ಬೇರೆ ಏನಾದರೂ ಬಂದರೆ ಅದು ಬೇರಾವುದೋ ಫೈಲಿನ ಹೊಟ್ಟೆಯಲ್ಲಿರುವ ಪದ (ಸ್ಕ್ರೈಬಸ್ ಪ್ರೋಗ್ರಾಮಿನ ಒಳಗೂ ಆ ಪದ ಇರುತ್ತದೆ), ಬಿಟ್ಟುಬಿಡಿ. ಡಿಬಗ್‌ಎಫ್‌ಎಸ್‌ನಲ್ಲಿ:

ಐಚೆಕ್ 11801357

ಬ್ಲಾಕ್ ಯಾವ ಐನೋಡಿನದು ಅಂತ ಹೇಳುತ್ತದೆ. 2359310 ಅಂತ ಬಂದರೆ 'ಎನ್‌ಚೆಕ್ 2359310'. ದಾರಿ, ಹೆಸರು ಬಂದರೆ ಅದು ನಿಮಗೆ ಈಗಾಗಲೇ ಸಿಕ್ಕ 71ರಲ್ಲಿ ಒಂದು. ಹೆಸರು ಬರಲಿಲ್ಲವೋ, ಅದೇ ನೀವು ಹುಡುಕುತ್ತಿರುವುದು:

ಡಂಪ್ <2359310> /ಮೀಡಿಯಾ/ಹೊರಡಿಸ್ಕ್/2359310.ಎಸ್‌ಎಲ್‌ಎ

ಕೋನದ ಆವರಣ ಬಿಡಬೇಡಿ. ಬಿಟ್ಟರೆ ಅದನ್ನು ಫೈಲ್ ಹೆಸರು ಅಂದುಕೊಳ್ಳುತ್ತದೆ. ಹೀಗೆ ತೆಗೆದರೆ ಫೈಲ್ ನಾಲ್ಕು ತುಂಡಾಗಿದ್ದರೂ ಸರಿಯಾದ ಕ್ರಮದಲ್ಲಿ, ಸರಿಯಾದ ಉದ್ದಕ್ಕೆ ಬರುತ್ತದೆ. ಅಕ್ಕಪಕ್ಕದ ಐನೋಡ್ ಅಂಕೆಗಳನ್ನೂ 'ಸ್ಟ್ಯಾಟ್ <2359311>' ಅಂತ ಇಣುಕಿ ನೋಡಿ. ಒಂದು ಫೋಲ್ಡರಿನ ಫೈಲ್‌ಗಳಿಗೆ ಇಎಕ್ಸ್‌ಟಿ4 ಆದಷ್ಟೂ ಒಂದೇ ಗುಂಪಿನಿಂದ ಐನೋಡ್ ಕೊಡುತ್ತದೆ. ಜೆಪೆಗ್‌ಗಳೂ ಅಲ್ಲೇ ಸಾಲಾಗಿ ಸಿಗಬಹುದು.

ಐಚೆಕ್ 'ಬ್ಲಾಕ್ ನಾಟ್ ಫೌಂಡ್' ಅಂದರೆ ಅದು ಯಾರಿಗೂ ಸೇರದ ಬ್ಲಾಕ್: ಹಿಂದೆ ಉಳಿಸಿದ ಹಳೇ ಆವೃತ್ತಿ, ಇನ್ನೂ ಟ್ರಿಮ್ ಆಗದ್ದು. ಎಸೆಯಬೇಡಿ. ಡಿಡಿಯಲ್ಲಿ (ಬೇಕಾದ ಬ್ಲಾಕ್‌ಗಳನ್ನು ನಕಲು ಮಾಡುವ ಕಮಾಂಡ್) 'ಬಿಎಸ್=4096 ಸ್ಕಿಪ್=11801357 ಕೌಂಟ್=2000' ಹಾಕಿ ಸುಮಾರು 8 ಎಂಬಿ ಕತ್ತರಿಸಿ, ಮುಚ್ಚುವ ಟ್ಯಾಗ್ ಕಂಡಲ್ಲಿ ಉಳಿದದ್ದು ತೆಗೆದುಹಾಕಿ.

ಮ್ಯಾಪ್‌ಫೈಲ್

ಮೇಲಿನ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಸ್ಟ್ರಿಂಗ್ಸ್ ಓಡಿಸಬೇಕಾದ್ದು ಪಾರ್ಟಿಷನ್ ಮೇಲೆ, ಇಡೀ ಇಮೇಜ್ ಮೇಲಲ್ಲ. ಇಎಫ್‌ಐ ಪಾರ್ಟಿಷನ್ 512 ಎಂಬಿ ಇದ್ದು, ಎರಡನೆಯದು 1050624ನೇ ಸೆಕ್ಟರಿನಿಂದ ಶುರು ಆಗಿದ್ದರೆ, ಇಮೇಜ್ ಮೇಲೆ ಓಡಿಸಿದಾಗ ಬ್ಲಾಕ್ ಸಂಖ್ಯೆ 131328 ಹೆಚ್ಚಾಗಿ ಬರುತ್ತದೆ. ಶೇಷ ಮಾತ್ರ ಆಗಲೂ 39ಏ, ಯಾಕೆಂದರೆ ಪಾರ್ಟಿಷನ್ ಶುರುವಾಗುವ ಜಾಗವೂ 4096ರಿಂದ ಸರಿಯಾಗಿ ಭಾಗವಾಗುತ್ತದೆ. ಶೇಷ ಸರಿಯಾಗಿದೆಯಲ್ಲ ಅಂತ ನಂಬಿ ಐಚೆಕ್ ಮಾಡಿದರೆ ಯಾವುದೋ ಬೇರೆ ಫೈಲ್ ಹೊರಗೆ ಬರುತ್ತದೆ.

ಇನ್ನು ಆ 48 ಕೆಬಿ ಯಾವ ಫೈಲಿನಲ್ಲಿದೆ ಅಂತ ತಿಳಿಯಲು ಡಿಡಿರೆಸ್ಕ್ಯೂನ ಫಿಲ್-ಮೋಡ್ ಇದೆ. ಒಂದು ಗುರುತಿನ ಪದ ಇರುವ ಪುಟ್ಟ ಫೈಲ್ ಮಾಡಿ, --ಫಿಲ್-ಮೋಡ್=- ಕೊಟ್ಟರೆ ಮ್ಯಾಪಿನಲ್ಲಿ ಮೈನಸ್ ಇರುವ ಜಾಗದಲ್ಲೆಲ್ಲ ಆ ಪದ ತುಂಬುತ್ತದೆ. ಲೂಪ್ ಬಿಚ್ಚಿ ಇದನ್ನು ಮಾಡಿ, ಮತ್ತೆ ಜೋಡಿಸಿ, ಫೈಲ್‌ಗಳನ್ನು ಇನ್ನೊಮ್ಮೆ ಹೊರತೆಗೆದು ಆ ಪದವನ್ನು ಗ್ರೆಪ್ ಮಾಡಿ. ಸಿಕ್ಕಿದ ಫೈಲ್‌ನಲ್ಲಿ ತೂತು ಇದೆ. .ಎಸ್‌ಎಲ್‌ಎ ಆದರೆ 'ಎಕ್ಸ್‌ಎಂಎಲ್‌ಲಿಂಟ್ --ನೋಔಟ್' ಕೂಡ ಎಷ್ಟನೇ ಸಾಲಿನಲ್ಲಿ ಮುರಿದಿದೆ ಅಂತ ತೋರಿಸುತ್ತದೆ.

ಒತ್ತಕ್ಷರ

ಕನ್ನಡ ಪಠ್ಯ ಹುಡುಕಬೇಕಾಗಿ ಬಂದವರಿಗೆ ಎರಡು ಮಾತು. ತಲೆಯ ಬ್ಲಾಕೇ ಹೋಗಿರುವ ಫೈಲನ್ನು ಒಳಗಿನ ಪದದಿಂದ ಹುಡುಕಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಮೊದಲೆರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. 'ಪುಟ' ಅನ್ನುವುದು ಇ0 ಬಿ2 ಎಎ, ಇ0 ಬಿ3 81, ಇ0 ಬಿ2 9ಎಫ್: ಒಂಬತ್ತು ಬೈಟು. ಸ್ಟ್ರಿಂಗ್ಸ್‌ಗೆ '-ಇ ಎಸ್' (ಎಸ್ ದೊಡ್ಡದು) ಕೊಡದಿದ್ದರೆ ಕನ್ನಡವನ್ನು ಅಕ್ಷರವೆಂದೇ ಲೆಕ್ಕಕ್ಕಿಡುವುದಿಲ್ಲ.

ಪದ ಆರಿಸುವಾಗ ೀ, ೇ, ೈ, ೊ, ೋ ಇಲ್ಲದ ಪದ ಆರಿಸಿ. ಯುನಿಕೋಡಿನಲ್ಲಿ ಇವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿ ಎರಡು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟು ಬೇರೆ. 'ಕೋಲಾರ' ಅಂತ ಹುಡುಕಿ ಸಿಗದೆ, ಫೈಲೇ ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ಇನ್ನು ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಟೈಪಾದ ಪಠ್ಯದಲ್ಲಿ ಕನ್ನಡ ಬೈಟೇ ಇರುವುದಿಲ್ಲ, ಲ್ಯಾಟಿನ್ ಚಿಹ್ನೆಗಳ ಕಲಸುಮೇಲೋಗರ ಇರುತ್ತದೆ. ಅದೇ ಫಾಂಟಿನ ಒಂದು ಒಳ್ಳೆಯ ಫೈಲ್ ತೆಗೆದು, ಪದವನ್ನು ಅಲ್ಲಿಂದ ಕಾಪಿ ಮಾಡಿ, ಫೈಲಿನ ಎನ್‌ಕೋಡಿಂಗಿನಲ್ಲೇ ಹುಡುಕಬೇಕು.

ಪುಟಕಟ್ಟು

ಶೇಷ 39 ಬಂದವು 112. ಅವುಗಳಲ್ಲಿ ಹೆಸರಿಲ್ಲದ ಐನೋಡ್ 18, 'ಬ್ಲಾಕ್ ನಾಟ್ ಫೌಂಡ್' 23, ಮಿಕ್ಕ 71 ಹೆಸರಿದ್ದವೇ. 18ನ್ನೂ ಡಂಪ್ ಮಾಡಿ, ಒಳಗಿನ ಶೀರ್ಷಿಕೆ ನೋಡಿ ಹೆಸರಿಟ್ಟೆ, ಎಲ್ಲವೂ ಸ್ಕ್ರೈಬಸ್‌ನಲ್ಲಿ ತೆರೆದವು. ಹತ್ತೊಂಬತ್ತನೆಯದು ಕರೆಂಟ್ ಹೋದಾಗ ತೆರೆದಿದ್ದ ಫೈಲ್. ಸಾಲಿನಲ್ಲಿ ಮುಂದಿನ ಐನೋಡಿನಲ್ಲಿ ಸೈಜ್ 0 ಅಂತ ತೋರಿಸುತ್ತಿದೆ.

ಐನೋಡಜ್ಜ

ಸೊನ್ನೆ ಸೈಜ್ ಆಗುವುದು ಹೀಗೆ: ಇಎಕ್ಸ್‌ಟಿ4 ಡೇಟಾಗೆ ಜಾಗ ಕೊಡುವುದನ್ನು ಆದಷ್ಟು ಮುಂದೂಡುತ್ತದೆ, ಕರ್ನಲ್ ಕೂಡ ಬರೆಯಬೇಕಾದ್ದನ್ನು 30 ಸೆಕೆಂಡಿನವರೆಗೆ ರ‍್ಯಾಮಿನಲ್ಲಿ ಇಟ್ಟುಕೊಳ್ಳಬಹುದು. ಫೈಲ್ ಹುಟ್ಟಿತು, ಒಳಗಿನದು ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟ್ ಹೋಯಿತು. ಆ ಕೊನೆಯ ಸೇವ್ ಎಲ್ಲೂ ಇಲ್ಲ, ಹುಡುಕಬೇಡಿ. ಅದಕ್ಕೆ ಹಿಂದಿನ ಸೇವ್ ಆ 23ರಲ್ಲಿ ಇರಬೇಕು. ಡಿಡಿಯಲ್ಲಿ ಕತ್ತರಿಸಿ ಶೀರ್ಷಿಕೆ ನೋಡಿ.

ಸಿಗದಿದ್ದರೆ ಇನ್ನೊಂದು ದಾರಿ, ಜರ್ನಲ್. ನೋಲೋಡ್‌ನಲ್ಲಿ ನೋಡಿದ್ದು ಜರ್ನಲ್ ಸೇರಿಸದ ಸ್ಥಿತಿ. ಇಮೇಜ್ ಮೇಲೆ ಕ್ಯೂಇಎಂಯು-ಇಮೇಜ್‌ನಿಂದ ಒಂದು ಓವರ್‌ಲೇ ಮಾಡಿ (ಕ್ಯೂಕೌ2, ಹಿಂದೆ ನಿಮ್ಮ ಇಮೇಜ್), ಕ್ಯೂಇಎಂಯು-ಎನ್‌ಬಿಡಿಯಿಂದ ಜೋಡಿಸಿ, ಅದರ ಮೇಲೆ ಧಾರಾಳವಾಗಿ ಇ2ಎಫ್‌ಎಸ್‌ಸಿಕೆ ಮೈನಸ್ ವೈ ಹೊಡೆಯಿರಿ. ಬರಹವೆಲ್ಲ ಓವರ್‌ಲೇಗೆ ಹೋಗುತ್ತದೆ, ಇಮೇಜ್ ಕನ್ನೆಯಾಗಿಯೇ ಉಳಿಯುತ್ತದೆ. ಹೆಸರು ಕಳಕೊಂಡವು ಲಾಸ್ಟ್+ಫೌಂಡ್‌ನಲ್ಲಿ #2359310 ಥರ ಐನೋಡ್ ಅಂಕೆ ಹೊತ್ತು ಕೂತಿರುತ್ತವೆ.

ಪುಟಕಟ್ಟು

ಸಿಕ್ಕಿತು! 23ರಲ್ಲಿ ಐದು ಅದೇ ಫೈಲಿನ ಹಳೇ ಆವೃತ್ತಿಗಳು, ಇತ್ತೀಚಿನದರಲ್ಲಿ ಕೊನೆಯ ಎರಡು ಪುಟ ಮಾತ್ರ ಇಲ್ಲ, ಮತ್ತೆ ಕಟ್ಟಿಕೊಳ್ಳುತ್ತೇನೆ. ಜೆಪೆಗ್‌ಗಳಲ್ಲಿ ಎರಡಕ್ಕೆ ತೂತು. ಈ ಡ್ರೈವಿಗೇ ಉಬುಂಟು ಮತ್ತೆ ಹಾಕಬಹುದೇ?

ಮ್ಯಾಪ್‌ಫೈಲ್

90 ಫೈಲನ್ನೂ ತೆರೆದು, ಬೇರೆ ಡಿಸ್ಕಿಗೆ ಎರಡನೇ ಪ್ರತಿ ಮಾಡುವವರೆಗೆ ಬೇಡ. ಇನ್‌ಸ್ಟಾಲರ್ ಒಳಗೆ ಓಡುವುದೂ ಅದೇ ಎಂಕೆಎಫ್‌ಎಸ್, ಅದೇ ಡಿಸ್ಕಾರ್ಡ್. ಆಮೇಲೆ ಸ್ಮಾರ್ಟ್ ಲಾಗ್ ಮತ್ತೆ ತೆಗೆಯಿರಿ. ಓದಲಾಗದ 12 ಬ್ಲಾಕಿನ ದೆಸೆಯಿಂದ ಮೀಡಿಯಾ ಎರರ್ ಈಗ ಸೊನ್ನೆ ಇರುವುದಿಲ್ಲ. ಕರೆಂಟ್ ಹೋಗಿ ಕೆಟ್ಟದ್ದಾದರೆ ಹೊಸದಾಗಿ ಬರೆದ ಮೇಲೆ ಆ ಅಂಕೆ ಅಲ್ಲೇ ನಿಲ್ಲಬೇಕು. ಇಡೀ ಡ್ರೈವಿಗೆ ಬಿಎಲ್‌ಕೆಡಿಸ್ಕಾರ್ಡ್ (ಎಲ್ಲ ಬ್ಲಾಕ್‌ಗಳನ್ನೂ ಖಾಲಿ ಮಾಡಿಸುವ ಕಮಾಂಡ್) ಹೊಡೆದು, ಒಮ್ಮೆ ತುದಿಯವರೆಗೆ ಬರೆದು ಓದಿ ನೋಡಿ. ಅಂಕೆ ಏರುತ್ತಿದ್ದರೆ, ಅಥವಾ ಕ್ರಿಟಿಕಲ್ ವಾರ್ನಿಂಗ್ ಸೊನ್ನೆ ಬಿಟ್ಟು ಬೇರೇನಾದರೂ ಆದರೆ (8 ಅಂದರೆ ಡ್ರೈವ್ ಇನ್ನು ಬರೆಯಲು ಬಿಡುವುದಿಲ್ಲ, ಓದಲಷ್ಟೇ) ಗ್ಯಾರಂಟಿ ಇರುವಾಗಲೇ ಬದಲಿಸಿಕೊಳ್ಳಿ. ಅನ್‌ಸೇಫ್ ಶಟ್‌ಡೌನ್ 143 ಅಂತ ಬರೆದಿದ್ದಿರಿ. 600 ವಿಎ ಯುಪಿಎಸ್ ಒಂದನ್ನು ಡ್ರೈವಿಗಿಂತ ಮುಂಚೆ ತನ್ನಿ.